ಕ್ಯಾಲೆಂಡರಿನ ಸೊನ್ನೆ, ಮೊಬೈಲಿನ ಗ್ರಾಫು

ಗದಗಿನ ಬೆಟಗೇರಿಯ ಯಾವ ಮನೆಗೆ ಹೋದರೂ ಅಡುಗೆಮನೆಯ ಬಾಗಿಲ ಬದಿಗೆ ಒಂದು ಕ್ಯಾಲೆಂಡರ್ ತೂಗುತ್ತಿರುತ್ತದೆ. ಮೇಲಿನ ದೇವರ ಚಿತ್ರಕ್ಕೆ ಕೈಮುಗಿದು ಕೆಳಗಿನ ಚೌಕಗಳನ್ನು ನೋಡಿ. ಕೆಲವು ತಾರೀಖುಗಳ ಸುತ್ತ ನೀಲಿ ಪೆನ್ನಿನ ಸೊನ್ನೆ. ಅವತ್ತು ನಳಕ್ಕೆ ನೀರು ಬಂದಿದ್ದವು. ಚೌಕದ ಮೂಲೆಯಲ್ಲಿ ಅರ್ಧ, ಒಂದು, ಒಂದೂವರೆ ಎಂದು ಹಾಲಿನ ಲೆಕ್ಕ. ಒಂದು ಕಡೆ ‘ಗ್ಯಾಸ್ ಹಚ್ಚಿದ್ದು’. ಅಮಾವಾಸ್ಯೆಯ ಕಪ್ಪು ಚುಕ್ಕೆಯ ಪಕ್ಕ ‘ಗುಳಗಿ ಮುಗದಾವ’. ಈ ಕ್ಯಾಲೆಂಡರಿಗೆ ‘ಡೇಟಾ’ ಎಂದು ಯಾರೂ ಹೆಸರಿಟ್ಟಿಲ್ಲ. ಆದರೆ ಮನೆಯ ಒಂದು ವರ್ಷದ ಬದುಕು ಇಷ್ಟು ಅಚ್ಚುಕಟ್ಟಾಗಿ ಬೇರೆಲ್ಲೂ ದಾಖಲಾಗುವುದಿಲ್ಲ.

ಜನವರಿ ಬಂತೆಂದರೆ ಹಳೆಯ ಕ್ಯಾಲೆಂಡರ್ ಮಕ್ಕಳ ಪುಸ್ತಕಕ್ಕೆ ರಟ್ಟಾಗುತ್ತದೆ, ಇಲ್ಲವೇ ಮಾಡದ ಡಬ್ಬಿಗಳ ಕೆಳಗಿನ ಹಾಸಾಗುತ್ತದೆ. ಹನ್ನೆರಡು ತಿಂಗಳು ಬರೆದದ್ದು ಅಲ್ಲಿಗೆ ಮುಗಿಯಿತು. ‘ಹ್ವಾದ ವರ್ಷ ಬ್ಯಾಸಗ್ಯಾಗ ಎಷ್ಟ ದಿನಕ್ಕೊಮ್ಮೆ ನೀರ ಬರತಿದ್ವು?’ ಎಂದು ಕೇಳಿದರೆ ಮನೆಯಲ್ಲಿ ನಾಲ್ಕು ಜನ ಇದ್ದರೆ ನಾಲ್ಕು ಉತ್ತರ. ಬರೆದಿಟ್ಟಿದ್ದು ನಿಜ, ಕೂಡಿಸಿ ನೋಡಲಿಲ್ಲ.

ಬರೆದಿಡುವ ಚಟ ನಮಗೆ ಹೊಸದಲ್ಲ. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ 1905ರಲ್ಲಿ ಹುಟ್ಟಿದ್ದು ಇದೇ ಗದಗ ತಾಲೂಕಿನ ಕಣಗಿನಹಾಳದಲ್ಲಿ. ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಆ ಸಂಘ ನಿಂತದ್ದೇ ಲೆಕ್ಕದ ಪುಸ್ತಕದ ಮೇಲೆ. ದೀಪಾವಳಿಯ ಪಾಡ್ಯಕ್ಕೆ ಇಲ್ಲಿನ ಅಂಗಡಿಗಳಲ್ಲಿ ಪುಸ್ತಕಕ್ಕೆ ಪೂಜೆ ನಡೆಯುತ್ತದೆ. ಹಳೆಯ ಗುಮಾಸ್ತರಿಗೆ ಒಂದು ಮಾತು ಗೊತ್ತಿತ್ತು: ಕೀರ್ದಿ ಬೇರೆ, ಖತಾವಣಿ ಬೇರೆ. ದಿನದ ವ್ಯವಹಾರ ನಡೆದ ಕ್ರಮದಲ್ಲೇ ಬರೆಯುವುದು ಕೀರ್ದಿ. ಅದನ್ನು ಆಸಾಮಿವಾರು, ಬಾಬುವಾರು ವಿಂಗಡಿಸಿ ಏರಿಸುವುದು ಖತಾವಣಿ. ಕ್ಯಾಲೆಂಡರ್ ನಮ್ಮ ಮನೆಯ ಕೀರ್ದಿ. ಖತಾವಣಿ ಮಾತ್ರ ಯಾವ ಮನೆಯಲ್ಲೂ ಇಲ್ಲ. ಮೊಬೈಲಿನ ಉಚಿತ ಸಲಕರಣೆಗಳಿಂದ ಆಗಬೇಕಾದ ಕೆಲಸ ಅದೊಂದೇ.

ಪರದೇಶಗಳಲ್ಲಿ ಇದಕ್ಕೆ ದೊಡ್ಡ ಹೆಸರುಗಳಿವೆ. ಅಮೆರಿಕದ ಗ್ಯಾರಿ ವುಲ್ಫ್ ಮತ್ತು ಕೆವಿನ್ ಕೆಲ್ಲಿ 2007ರಲ್ಲಿ ‘ಕ್ವಾಂಟಿಫೈಡ್ ಸೆಲ್ಫ್’ ಎಂಬ ಹೆಸರು ಕೊಟ್ಟರು. ತನ್ನನ್ನು ತಾನೇ ಅಳೆದುಕೊಳ್ಳುವವರ ಬಳಗ ಅದು. ನಿಕೋಲಸ್ ಫೆಲ್ಟನ್ ಎಂಬ ವಿನ್ಯಾಸಕಾರ ತನ್ನ ಒಂದೊಂದು ವರ್ಷದ ತಿರುಗಾಟ, ಊಟ, ಓದು ಎಲ್ಲವನ್ನೂ ಕಂಪನಿಯ ವಾರ್ಷಿಕ ವರದಿಯಂತೆ ಅಚ್ಚು ಹಾಕಿದ. 2005ರಿಂದ 2014ರವರೆಗೆ ಹತ್ತು ವರ್ಷ ಅದನ್ನೇ ಮಾಡಿ ನಿಲ್ಲಿಸಿದ. ನೋಡಲು ಬಲು ಚೆಂದ, ಆದರೆ ನಮ್ಮ ಕೆಲಸಕ್ಕೆ ಅದು ಮಾದರಿಯಲ್ಲ. ಎಲ್ಲವನ್ನೂ ಅಳೆಯಲು ಹೊರಟವರು ಹದಿನೈದನೇ ದಿನಕ್ಕೆ ಕೈಚೆಲ್ಲುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅವರಲ್ಲಿ ನಾನೂ ಒಬ್ಬ. ನಿದ್ದೆ, ನಡಿಗೆ, ಖರ್ಚು, ಸಿಟ್ಟು ಎಲ್ಲವನ್ನೂ ಒಂದು ಆ್ಯಪಿನಲ್ಲಿ ತುಂಬುತ್ತಿದ್ದೆ. ಒಂದು ದಿನ ಆ ಆ್ಯಪೇ ಮುಚ್ಚಿಹೋಯಿತು. ನನ್ನ ಲೆಕ್ಕವನ್ನು ಹೊರತೆಗೆಯುವ ದಾರಿ ಇತ್ತೋ ಇಲ್ಲವೋ ನೋಡುವ ಮೊದಲೇ ಬಾಗಿಲು ಹಾಕಿತ್ತು. ಕ್ಯಾಲೆಂಡರ್ ಆದರೂ ರಟ್ಟಿನ ಕೆಲಸಕ್ಕೆ ಬರುತ್ತಿತ್ತು.

ಆದ್ದರಿಂದ ಮೊದಲು ಆ್ಯಪ್ ಹುಡುಕಬೇಡಿ, ಪ್ರಶ್ನೆ ಹುಡುಕಿ. ‘ನಮ್ಮ ಮನೆಗೆ ಎಷ್ಟು ದೊಡ್ಡ ಟಾಕಿ ಬೇಕು?’ ಎಂಬುದು ಪ್ರಶ್ನೆ. ‘ನನ್ನ ಬದುಕನ್ನು ಅರಿಯಬೇಕು’ ಎಂಬುದು ಪ್ರಶ್ನೆಯಲ್ಲ. ಒಂದು ಪ್ರಶ್ನೆಗೆ ಒಂದೇ ಸಂಖ್ಯೆ ಬರೆಯಿರಿ. ದಿನದ ಬರಹ ಚಹಾ ಉಕ್ಕಿ ಬರುವಷ್ಟರಲ್ಲಿ ಮುಗಿಯಬೇಕು.

ನೀರಿನ ಕೀರ್ದಿ

ತುಂಗಭದ್ರೆಯ ನೀರು ಮುಂಡರಗಿ ತಾಲೂಕಿನ ಹಮ್ಮಿಗಿ ಬ್ಯಾರೇಜಿನಿಂದ ಗದಗ-ಬೆಟಗೇರಿ ಅವಳಿ ನಗರಕ್ಕೆ ಬರಬೇಕು. ನಡುವೆ ಪೈಪಿದೆ, ಪಂಪಿದೆ, ಕರೆಂಟಿದೆ. ಯಾವುದು ಕೈಕೊಟ್ಟರೂ ಸರದಿ ಮುಂದೆ ಹೋಗುತ್ತದೆ. ‘ನೀರ ಬಂದಾವ್ರೀ!’ ಎಂದು ಓಣಿಯಲ್ಲಿ ಕೂಗೆದ್ದ ಕೂಡಲೇ ಕೊಡ, ಬಕೆಟ್, ಪೈಪುಗಳ ಗದ್ದಲ. ಆ ಗದ್ದಲ ಮುಗಿದ ಮೇಲೆ ಒಂದೇ ಒಂದು ಕೆಲಸ: ಸೊನ್ನೆಯನ್ನು ಗೋಡೆಯ ಮೇಲೆ ಹಾಕುವ ಬದಲು, ಅಥವಾ ಹಾಕಿದ ಮೇಲೆ, ಮೊಬೈಲಿನಲ್ಲಿ ಒಂದು ಸಾಲು ಸೇರಿಸುವುದು.

ಗೂಗಲ್ ಶೀಟ್ಸ್ ಸಾಕು. ಹಣ ಕೊಡಬೇಕಿಲ್ಲ, ಕಂಪ್ಯೂಟರ್ ಬೇಕಿಲ್ಲ. ಇಂಟರ್ನೆಟ್ ಕೈಕೊಡುವ ಊರಾದರೆ ಆ ಕಡತವನ್ನು ‘ಆಫ್‌ಲೈನ್’ ಎಂದು ಗುರುತು ಮಾಡಿಟ್ಟುಕೊಳ್ಳಿ, ಸಿಗ್ನಲ್ ಬಂದಾಗ ತಾನೇ ಏರಿಕೊಳ್ಳುತ್ತದೆ. ಮೊದಲ ಕಾಲಂಗೆ ‘ತಾರೀಖು’, ಎರಡನೆಯದಕ್ಕೆ ‘ಎಷ್ಟು ನಿಮಿಷ’, ಮೂರನೆಯದಕ್ಕೆ ‘ಟಿಪ್ಪಣಿ’ ಎಂದು ತಲೆಬರಹ ಕೊಡಿ. ತಲೆಬರಹ ಕನ್ನಡದಲ್ಲೇ ಇರಲಿ, ಶೀಟಿಗೆ ಯಾವ ತಕರಾರೂ ಇಲ್ಲ. ತಕರಾರು ಇರುವುದು ಬೇರೆ ಕಡೆ. ಗದಗ ಮುದ್ರಣ ಕಾಶಿ, ಇಲ್ಲಿನ ಡಿಟಿಪಿ ಕೆಲಸಗಾರರ ಕೈ ಹಳೆಯ ಅಕ್ಷರಶೈಲಿಗಳಿಗೆ ಒಗ್ಗಿದೆ. ಆ ಹಳೆಯ ಆಸ್ಕಿ ಅಕ್ಷರದಲ್ಲಿ ಬರೆದು ತಂದು ಅಂಟಿಸಿದರೆ ಶೀಟಿನಲ್ಲಿ ಬರೀ ಚಿತ್ತಾರ ಕಾಣಿಸುತ್ತದೆ. ಯುನಿಕೋಡ್‌ನಲ್ಲೇ ಬರೆಯಿರಿ. ಮೊಬೈಲಿನ ಕನ್ನಡ ಕೀಲಿಮಣೆ ಯುನಿಕೋಡೇ.

ಅಂಕಿಯ ವಿಷಯದಲ್ಲಿ ಅಭಿಮಾನವನ್ನು ಸ್ವಲ್ಪ ಬದಿಗಿಡಬೇಕು. ೧, ೨, ೩ ಎಂದು ಬರೆದರೆ ಶೀಟು ಅದನ್ನು ಅಕ್ಷರವೆಂದೇ ತಿಳಿಯುತ್ತದೆ, ಕೂಡಿಸುವುದಿಲ್ಲ. 1, 2, 3 ಎಂದೇ ಬರೆಯಿರಿ. ಇನ್ನೊಂದು, ‘40 ನಿಮಿಷ’ ಎಂದು ಚೌಕದೊಳಗೆ ಬರೆಯಬಾರದು. ಬರೀ 40. ಅಳತೆಯ ಹೆಸರು ತಲೆಬರಹದಲ್ಲಿ ಒಮ್ಮೆ ಬಂದರೆ ಸಾಕು. ಚೌಕದಲ್ಲಿ ಅಕ್ಷರ ಸೇರಿತೆಂದರೆ ಅದು ಲೆಕ್ಕದಿಂದ ಹೊರಗೆ ಬಿತ್ತು.

ಎಲ್ಲಕ್ಕಿಂತ ದೊಡ್ಡ ಹೊಂಡ ತಾರೀಖಿನದು. ಶೀಟಿನ ಸೆಟ್ಟಿಂಗ್ಸ್‌ನಲ್ಲಿ ‘ಲೊಕೇಲ್’ ಎಂದಿರುವಲ್ಲಿ ಇಂಡಿಯಾ ಇದೆಯೋ ನೋಡಿ. ಅಮೆರಿಕ ಇದ್ದರೆ ನೀವು ಜೂನ್ 5 ಎಂದು ಬರೆದ 5/6 ಮೇ 6 ಆಗಿ ಕೂರುತ್ತದೆ. ಹನ್ನೆರಡನೇ ತಾರೀಖಿನವರೆಗೆ ತಪ್ಪು ಗೊತ್ತೂ ಆಗುವುದಿಲ್ಲ. ಹದಿಮೂರಕ್ಕೆ ಶೀಟು ಮುನಿಸಿಕೊಳ್ಳುತ್ತದೆ, ಏಕೆಂದರೆ ಹದಿಮೂರನೆಯ ತಿಂಗಳು ಅಮೆರಿಕದಲ್ಲೂ ಇಲ್ಲ.

ನಾಲ್ಕನೆಯ ಕಾಲಂ ನೀವು ತುಂಬುವುದಲ್ಲ, ಶೀಟೇ ತುಂಬುವುದು. ಈ ಸಾಲಿನ ತಾರೀಖಿನಲ್ಲಿ ಮೇಲಿನ ಸಾಲಿನ ತಾರೀಖನ್ನು ಕಳೆಯುವ ಸೂತ್ರ ಹಾಕಿ ಕೆಳಗೆ ಎಳೆಯಿರಿ. ಎರಡು ಸೊನ್ನೆಗಳ ನಡುವೆ ಎಷ್ಟು ದಿನ ಎಂಬುದು ಬರುತ್ತದೆ. ಉತ್ತರ 1900ರ ಜನವರಿಯ ಯಾವುದೋ ದಿನವಾಗಿ ಕಂಡರೆ ಹೆದರಬೇಡಿ. ಫಾರ್ಮ್ಯಾಟ್‌ನಲ್ಲಿ ‘ನಂಬರ್’ ಒತ್ತಿದರೆ ಸರಿಯಾಗುತ್ತದೆ.

ಇಲ್ಲಿಂದ ರುಚಿ ಶುರು. ಮಾತಿಗೆ ಐದು ಅಂತರ ಹೀಗಿವೆ ಎನ್ನೋಣ: 8, 9, 8, 10, 25. ಸರಾಸರಿ ತೆಗೆದರೆ 12. ಆದರೆ ಆ ಮನೆಗೆ 12 ದಿನಕ್ಕೊಮ್ಮೆ ನೀರು ಬಂದದ್ದೇ ಇಲ್ಲ. ಎಲ್ಲೋ ಪೈಪು ಒಡೆದ ಒಂದೇ ಸಲ ಸರಾಸರಿಯನ್ನು ಎಳೆದೊಯ್ದಿದೆ. ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿ ನಡುವಿನದನ್ನು ಎತ್ತಿದರೆ 9. ಇದಕ್ಕೆ ಶೀಟಿನಲ್ಲಿ ‘ಮೀಡಿಯನ್’ ಎಂಬ ಸೂತ್ರವಿದೆ. ‘ಸಾಧಾರಣ ಎಷ್ಟು ದಿನಕ್ಕ?’ ಎಂದು ಕೇಳಿದವರಿಗೆ ಹೇಳಬೇಕಾದದ್ದು ಈ 9. ಟಾಕಿ ಕೊಳ್ಳುವಾಗ ಮಾತ್ರ 9 ಕೂಡ ಮೋಸವೇ, ಅಲ್ಲಿ ಅತಿ ದೊಡ್ಡ ಅಂತರ ಬೇಕು. ಜಲಜೀವನ್ ಯೋಜನೆ ಹಳ್ಳಿಯಲ್ಲಿ ಒಬ್ಬರಿಗೆ ದಿನಕ್ಕೆ 55 ಲೀಟರ್ ಎಂದು ಹಿಡಿಯುತ್ತದೆ. ಅದೇ ಲೆಕ್ಕದಲ್ಲಿ ನಾಲ್ಕು ಜನಕ್ಕೆ 220 ಲೀಟರ್. ಹತ್ತು ದಿನ ತಡೆಯಬೇಕಾದರೆ 2,200 ಲೀಟರಿನ ಟಾಕಿ. ಇಪ್ಪತ್ತೈದು ದಿನ ತಡೆಯಲು 5,500. ಅಷ್ಟು ದೊಡ್ಡ ಟಾಕಿ ಕಟ್ಟಿಸುವುದೋ, ವರ್ಷಕ್ಕೊಮ್ಮೆ ಟ್ಯಾಂಕರ್ ತರಿಸುವುದೋ ಎಂಬ ತೀರ್ಮಾನ ನಿಮ್ಮ ಕಿಸೆಯದು. ಆದರೆ ತೀರ್ಮಾನಕ್ಕೆ ಬೇಕಾದ ಅಂಕಿ ಈಗ ಕೈಯಲ್ಲಿದೆ.

ಗ್ರಾಫ್ ಯಾವುದು? ನೀರಿನಂಥ ‘ಬಂತು-ಬರಲಿಲ್ಲ’ ಲೆಕ್ಕಕ್ಕೆ ಗೆರೆಯ ಗ್ರಾಫ್ ಹೊಂದುವುದಿಲ್ಲ. ಇನ್ನೊಂದು ಹಾಳೆಯಲ್ಲಿ ಅಡ್ಡಕ್ಕೆ ಹನ್ನೆರಡು ತಿಂಗಳು, ಉದ್ದಕ್ಕೆ 1ರಿಂದ 31 ಎಂದು ಚೌಕ ಮಾಡಿ, ನೀರು ಬಂದ ದಿನ ನೀಲಿ ಬಣ್ಣ ತಾನೇ ತುಂಬುವಂತೆ ‘ಕಂಡೀಷನಲ್ ಫಾರ್ಮ್ಯಾಟಿಂಗ್’ ಹಾಕಿ. ಗೋಡೆಯ ಕ್ಯಾಲೆಂಡರೇ ಮತ್ತೆ ಬಂತು, ಆದರೆ ಈಗ ಇಡೀ ವರ್ಷ ಒಂದೇ ನೋಟಕ್ಕೆ. ಏಪ್ರಿಲ್, ಮೇ ತಿಂಗಳಲ್ಲಿ ನೀಲಿ ಚುಕ್ಕೆಗಳು ದೂರದೂರ ಸರಿದಿದ್ದರೆ ವಿವರಣೆಯೇ ಬೇಡ. ಇಂಥದೊಂದು ಚಿತ್ರವನ್ನು ಮುದ್ರಿಸಿ ವಾರ್ಡ್ ಸದಸ್ಯರ ಕೈಗೆ ಕೊಟ್ಟು ಬಂದರೆ ‘ಭಾಳ ದಿನಾತ್ರೀ ನೀರ ಬಂದು’ ಎಂಬ ಮಾತಿಗಿಂತ ತೂಕ ಹೆಚ್ಚು.

ಒಂದು ಎಚ್ಚರ: ಬರೆಯುವ ಹಾಳೆಯಲ್ಲಿ ಬಣ್ಣ, ಮೊತ್ತ, ಗ್ರಾಫ್ ಯಾವುದನ್ನೂ ಸೇರಿಸಬೇಡಿ. ಕೀರ್ದಿ ಒಂದು ಹಾಳೆ, ಖತಾವಣಿ ಇನ್ನೊಂದು ಹಾಳೆ. ಗುಮಾಸ್ತರ ನಿಯಮ ಇಲ್ಲಿಯೂ ಕಟ್ಟುನಿಟ್ಟು.

ಮನೆಯಲ್ಲಿ ಎಲ್ಲರೂ ಬರೆಯುವವರಾದರೆ ಗೂಗಲ್ ಫಾರ್ಮ್ಸ್‌ನಲ್ಲಿ ಎರಡು ಪ್ರಶ್ನೆಯ ನಮೂನೆ ಮಾಡಿ, ಅದರ ಕೊಂಡಿಯನ್ನು ಮೊಬೈಲಿನ ಮೊದಲ ಪರದೆಗೆ ಹಾಕಿಕೊಡಿ. ಒತ್ತಿದ ಹೊತ್ತು ತಾನೇ ದಾಖಲಾಗುತ್ತದೆ. ಇದೂ ಕಷ್ಟವೆನ್ನುವ ಹಿರಿಯರಿಗೆ ವಾಟ್ಸಾಪ್‌ನಲ್ಲಿ ತಮಗೆ ತಾವೇ ಸಂದೇಶ ಕಳಿಸಿಕೊಳ್ಳುವ ಅನುಕೂಲವಿದೆ. ‘ನೀರ ಬಂದ್ವು’ ಎಂದು ಹೇಳಿ ಕಳಿಸಿದರೆ ತಾರೀಖು, ಗಂಟೆ ಎರಡೂ ಅಲ್ಲೇ ಕೂತವು. ಭಾನುವಾರ ಮೊಮ್ಮಗಳು ಶೀಟಿಗೆ ಏರಿಸುತ್ತಾಳೆ.

ತಿಂಗಳು ಬೇಡ, ಮಳೆ ಇರಲಿ

ಲಕ್ಷ್ಮೇಶ್ವರದ ಕಡೆ ರೈತರನ್ನು ‘ಜುಲೈನಾಗ ಎಷ್ಟ ಮಳಿ ಆತು?’ ಎಂದು ಕೇಳಿ ನೋಡಿ. ಕಣ್ಣು ಕಿರಿದು ಮಾಡಿ ಯೋಚಿಸುತ್ತಾರೆ. ‘ಪುಷ್ಯ ಹೆಂಗಾತು?’ ಎಂದು ಕೇಳಿ. ತಟ್ಟನೆ ಉತ್ತರ. ಕರಿಮಣ್ಣಿನ ಈ ನಾಡಿನಲ್ಲಿ ವರ್ಷ ಹನ್ನೆರಡು ತಿಂಗಳಲ್ಲ, ಇಪ್ಪತ್ತೇಳು ನಕ್ಷತ್ರದ ಮಳೆ. ಒಂದೊಂದಕ್ಕೆ ಹದಿಮೂರು-ಹದಿನಾಲ್ಕು ದಿನ. ಮುಂಗಾರಿಯ ಹೆಸರುಕಾಳು ರೋಹಿಣಿ-ಮಿರಗದ ಮೇಲೆ ನಿಂತಿದೆ. ಹಿಂಗಾರಿ ಜೋಳ, ಕಡಲೆ ಉತ್ತರಿ, ಹಸ್ತ, ಚಿತ್ತಿಯ ದಾರಿ ಕಾಯುತ್ತವೆ. ಆದರೆ ಮಳೆಯ ಯಾವ ಆ್ಯಪ್ ತೆರೆದರೂ ಗ್ರಾಫಿನ ಕೆಳಗೆ ಜನವರಿ, ಫೆಬ್ರವರಿ. ನಿಮ್ಮ ಶೀಟು ನಿಮ್ಮದು, ಅದರ ಕೆಳಗೆ ರೋಹಿಣಿ, ಮಿರಗ ಎಂದೇ ಬರಲಿ.

ಮಳೆ ಅಳೆಯಲು ಗೋಡೆ ನೇರವಾಗಿರುವ ಯಾವ ಡಬ್ಬಿಯಾದರೂ ಆದೀತು. ಬಾಯಿ, ಬುಡ ಒಂದೇ ಅಗಲವಿದ್ದರೆ ಒಳಗೆ ನಿಂತ ನೀರಿನ ಎತ್ತರವೇ ಮಳೆಯ ಅಳತೆ. ಅಂಗಡಿಯ ಮಳೆಮಾಪಕ ಸಿಕ್ಕರೆ ಇನ್ನೂ ಚೆನ್ನ. ಗೋಡೆ, ಮರಗಳಿಂದ ದೂರ, ಬಯಲಲ್ಲಿ ಇಡಿ. ಹವಾಮಾನ ಇಲಾಖೆ ದಿನವನ್ನು ಬೆಳಿಗ್ಗೆ 8.30ಕ್ಕೆ ಕತ್ತರಿಸುತ್ತದೆ, ನೀವೂ ಅದೇ ಹೊತ್ತಿಗೆ ಅಳೆಯಿರಿ. ಆಗ ಸರಕಾರದ ಅಂಕಿಯೊಂದಿಗೆ ಹೋಲಿಸಬಹುದು. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಮಳೆಮಾಪಕ ಕೂರಿಸಿದೆ. ಹಾಗಿದ್ದರೂ ನಿಮ್ಮ ಹೊಲದ ಡಬ್ಬಿ ಬೇಕು. ಎತ್ತಿನ ಒಂದು ಕೋಡು ತೊಯ್ದರೆ ಇನ್ನೊಂದು ಒಣಗಿರುತ್ತದೆ ಎಂದು ನಮ್ಮವರು ಸುಮ್ಮನೆ ಹೇಳುವುದಿಲ್ಲ. ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಚದರ ಮೀಟರ್ ನೆಲಕ್ಕೆ ಒಂದು ಲೀಟರ್ ನೀರು. ಮಾಳಿಗೆಯ ನೀರು ಹಿಡಿಯುವವರಿಗೆ ಇದೇ ಲೆಕ್ಕ. 2.5 ಮಿ.ಮೀ.ಗೆ ಕಡಿಮೆ ಬಿದ್ದ ದಿನವನ್ನು ಇಲಾಖೆ ‘ಮಳೆಯ ದಿನ’ ಎಂದು ಎಣಿಸುವುದೇ ಇಲ್ಲ.

ಶೀಟಿನ ಕೆಲಸ ಹೀಗೆ. ಎರಡನೆಯ ಹಾಳೆಯಲ್ಲಿ ಒಂದೊಂದು ಮಳೆ ಹುಟ್ಟುವ ತಾರೀಖು, ಪಕ್ಕದಲ್ಲಿ ಅದರ ಹೆಸರು ಬರೆದಿಡಿ. ರೋಹಿಣಿ ಮೇ 25ರ ಸುಮಾರಿಗೆ, ಮಿರಗ ಜೂನ್ 8ಕ್ಕೆ, ಆರಿದ್ರ 22ಕ್ಕೆ, ಹುಬ್ಬಿ ಆಗಸ್ಟ್ ಕೊನೆಗೆ, ಉತ್ತರಿ ಸೆಪ್ಟೆಂಬರ್ 13ಕ್ಕೆ, ಹಸ್ತ 27ಕ್ಕೆ, ಚಿತ್ತಿ ಅಕ್ಟೋಬರ್ 10-11ಕ್ಕೆ. ಒಂದು ದಿನ ಆಚೀಚೆ ಆಗುವುದರಿಂದ ನಿಮ್ಮ ಮನೆಯ ಪಂಚಾಂಗ ನೋಡಿ ಪ್ರತಿ ವರ್ಷ ಹೊಸದಾಗಿ ತುಂಬಿ. ದಿನದ ಹಾಳೆಯಲ್ಲಿ ‘ವಿ-ಲುಕಪ್’ ಎಂಬ ಸೂತ್ರ ಹಾಕಿ, ಕೊನೆಯಲ್ಲಿ ‘ಟ್ರೂ’ ಎಂದು ಬರೆದರೆ, ಯಾವ ತಾರೀಖು ಯಾವ ಮಳೆಗೆ ಸೇರಿದ್ದೆಂದು ಶೀಟೇ ಹುಡುಕಿ ಹೆಸರು ಬರೆಯುತ್ತದೆ. ಆಮೇಲೆ ‘ಪಿವಟ್ ಟೇಬಲ್’ ಕೇಳಿದರೆ ಒಂದೊಂದು ಮಳೆಯಲ್ಲಿ ಒಟ್ಟು ಎಷ್ಟು ಬಿತ್ತು ಎಂಬುದು ಕ್ಷಣದಲ್ಲಿ ಬರುತ್ತದೆ. ಒಂದು ಕೀಟಲೆ ಇದೆ: ಪಿವಟ್ ಹೆಸರುಗಳನ್ನು ಅಕ್ಷರಮಾಲೆಯಂತೆ ಜೋಡಿಸುವುದರಿಂದ ಆರಿದ್ರ ಮುಂದೆ ಬಂದು ರೋಹಿಣಿ ಹಿಂದೆ ಬೀಳುತ್ತದೆ. ‘01 ರೋಹಿಣಿ’, ‘02 ಮಿರಗ’ ಎಂದು ಹೆಸರಿನ ಮುಂದೆ ಅಂಕಿ ಇಟ್ಟರೆ ಪಂಚಾಂಗದ ಸಾಲು ಉಳಿಯುತ್ತದೆ. ಅದಕ್ಕೊಂದು ಕಂಬಗಳ ಗ್ರಾಫ್ ಹಾಕಿ. ಎರಡು-ಮೂರು ವರ್ಷ ಕೂಡಿದ ಮೇಲೆ ಆ ಕಂಬಗಳನ್ನು ಪಕ್ಕಪಕ್ಕ ನಿಲ್ಲಿಸಿ ನೋಡಿದರೆ ಕಟ್ಟೆಯ ಮೇಲಿನ ವಾದ ಬೇರೆಯೇ ಮಟ್ಟಕ್ಕೆ ಏರುತ್ತದೆ. ಬಿತ್ತಿದ ದಿನ, ಹರಗಿದ ದಿನ, ಗೊಬ್ಬರ ಹಾಕಿದ ದಿನವನ್ನು ಟಿಪ್ಪಣಿಯಲ್ಲಿ ಬರೆದಿದ್ದರೆ 2020ರಿಂದ ರೈತರೇ ಆ್ಯಪಿನಲ್ಲಿ ಮಾಡಬಹುದಾದ ಬೆಳೆ ಸಮೀಕ್ಷೆಗೂ ಅದು ಒದಗುತ್ತದೆ.

ಮಳೆ ಇಲ್ಲದ ದಿನ ಏನು ಬರೆಯಬೇಕು? ಸೊನ್ನೆ ಬರೆಯಬೇಕು. ಊರಿಗೆ ಹೋಗಿದ್ದು ಅಳೆಯದೇ ಬಿಟ್ಟ ದಿನ? ಖಾಲಿ ಬಿಡಬೇಕು. ಸೊನ್ನೆ ಬೇರೆ, ಖಾಲಿ ಬೇರೆ. ಸೊನ್ನೆ ಎಂದರೆ ‘ನೋಡಿದೆ, ಇರಲಿಲ್ಲ’. ಖಾಲಿ ಎಂದರೆ ‘ನೋಡಲೇ ಇಲ್ಲ’. ಶೀಟು ಸರಾಸರಿ ತೆಗೆಯುವಾಗ ಸೊನ್ನೆಯನ್ನು ಎಣಿಸುತ್ತದೆ, ಖಾಲಿಯನ್ನು ಬಿಟ್ಟು ಹೋಗುತ್ತದೆ. ಈ ಒಂದು ವ್ಯತ್ಯಾಸ ಕೆಟ್ಟರೆ ಮುಂದಿನ ಎಲ್ಲ ಗ್ರಾಫು ಸುಳ್ಳು.

ಮಾಗಡಿಯ ಹೆಬ್ಬಾತು ಹೇಳುವ ಪಾಠ

ಸೊನ್ನೆಯ ಬೆಲೆಯನ್ನು ಚೆನ್ನಾಗಿ ಬಲ್ಲವರು ಪಕ್ಷಿ ನೋಡುವವರು. ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಹಗಲು ನೀರಿನ ಮೇಲೆ, ಹೊತ್ತು ನೋಡಿ ಸುತ್ತಲಿನ ಹೊಲಗಳಿಗೆ ಮೇವಿಗೆ. 2024ರ ಜನವರಿ ಕೊನೆಗೆ ಈ ಕೆರೆ ರಾಮ್ಸಾರ್ ಪಟ್ಟಿಗೆ ಸೇರಿತು. ಅದೇ ದಿನ ನಮ್ಮ ರಾಜ್ಯದ ಅಂಕಸಮುದ್ರ ಮತ್ತು ಅಘನಾಶಿನಿ ಅಳಿವೆಯೂ ಸೇರಿದವು. ಕ್ಯಾಮೆರಾ ಹಿಡಿದು ಬಂದು ಹೋಗುವವರು ಬಹಳ. ಅವರಲ್ಲಿ ಕೆಲವರು ಮಾತ್ರ ಇ-ಬರ್ಡ್ ಎಂಬ ಉಚಿತ ತಾಣದಲ್ಲಿ ಕಂಡದ್ದನ್ನೆಲ್ಲ ಬರೆದು ಹೋಗುತ್ತಾರೆ. ಅಮೆರಿಕದ ಕಾರ್ನೆಲ್ ಪಕ್ಷಿ ಪ್ರಯೋಗಾಲಯ 2002ರಲ್ಲಿ ಆರಂಭಿಸಿದ್ದು ಅದು. ನಮ್ಮ ದೇಶದಲ್ಲಿ ಬರ್ಡ್ ಕೌಂಟ್ ಇಂಡಿಯಾ ಬಳಗ ಅದನ್ನು ಬಳಕೆಗೆ ತರುತ್ತಿದೆ.

ಪಟ್ಟಿ ಕಳಿಸುವ ಮೊದಲು ಇ-ಬರ್ಡ್ ಒಂದು ಪ್ರಶ್ನೆ ಕೇಳುತ್ತದೆ: ಗುರುತು ಹಿಡಿದ ಎಲ್ಲ ಹಕ್ಕಿಗಳನ್ನೂ ಬರೆದಿದ್ದೀರಾ? ಹೌದೆಂದರೆ, ಬರೆಯದೇ ಬಿಟ್ಟ ಹಕ್ಕಿ ‘ಕಾಣಲಿಲ್ಲ’ ಎಂದಾಯಿತು. ಅಂದರೆ ಸೊನ್ನೆ. ಎಷ್ಟು ಹೊತ್ತು ನೋಡಿದಿರಿ, ಎಷ್ಟು ದೂರ ನಡೆದಿರಿ ಎಂಬುದೂ ದಾಖಲಾಗುತ್ತದೆ. ನೂರಾರು ಜನರ ಇಂಥ ಪಟ್ಟಿಗಳು ಕೂಡಿದಾಗ ಒಂದು ಜಾಗದ ಒಂದು ಹಕ್ಕಿಗೆ ವರ್ಷದುದ್ದದ ಪಟ್ಟಿ ಗ್ರಾಫ್ ಸಿಗುತ್ತದೆ. ತಿಂಗಳಿಗೆ ನಾಲ್ಕು ಭಾಗದಂತೆ ನಲವತ್ತೆಂಟು ಮನೆ. ಹಕ್ಕಿ ಹೆಚ್ಚು ಕಾಣುವ ಕಾಲಕ್ಕೆ ದಪ್ಪ, ಅಪರೂಪದ ಕಾಲಕ್ಕೆ ಗೆರೆ, ಇಲ್ಲದ ಕಾಲಕ್ಕೆ ಬಯಲು. ಯಾರೂ ನೋಡಿಯೇ ಇಲ್ಲದ ವಾರವನ್ನು ಅದು ಬೇರೆಯಾಗಿಯೇ ತೋರಿಸುತ್ತದೆ. ನಿಮ್ಮ ಊರಿನ ಕೆರೆಯ ಬದಿಗೆ ಫೋನು ಹಿಡಿದು ಹದಿನೈದು ನಿಮಿಷ ಅಡ್ಡಾಡಿದರೆ ನಿಮ್ಮ ಬೆಳಗಿನ ವಾಯುವಿಹಾರದ ಲೆಕ್ಕವೂ ಆಯಿತು, ಕೆರೆಯ ಲೆಕ್ಕವೂ ಆಯಿತು. ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ನಡೆಯುವ ಹಿತ್ತಲ ಹಕ್ಕಿ ಎಣಿಕೆ ಇದನ್ನು ಶುರು ಮಾಡಲು ಒಳ್ಳೆಯ ಸಂದರ್ಭ. ನನ್ನ ಮಟ್ಟಿಗೆ, ಸ್ವಂತ ದಿನಚರಿಯನ್ನು ದಾಖಲಿಸುವ ಎಲ್ಲ ಬಗೆಗಳಲ್ಲಿ ಇದೇ ಉತ್ತಮ. ಇಲ್ಲಿ ಬರೆದದ್ದು ನಿಮ್ಮೊಬ್ಬರದೇ ಆಗಿ ಉಳಿಯುವುದಿಲ್ಲ.

ಮೈಯ ಲೆಕ್ಕ

ಬಿಪಿ ಇರುವವರು ಒಂದು ಶೀಟು ಇಡಲೇಬೇಕು ಎಂದು ನಾನು ಒತ್ತಾಯವಾಗಿಯೇ ಹೇಳುತ್ತೇನೆ. ದವಾಖಾನೆಯ ಸರದಿಯಲ್ಲಿ ಒಂದು ಗಂಟೆ ಕುಳಿತು, ಡಾಕ್ಟರರ ಮುಖ ನೋಡಿದ ಕೂಡಲೇ ಏರುವ ಬಿಪಿ ನಿಮ್ಮ ನಿಜವಾದ ಬಿಪಿ ಅಲ್ಲದಿರಬಹುದು. ಮನೆಯಲ್ಲಿ ತೋಳಿಗೆ ಕಟ್ಟುವ ಯಂತ್ರದಿಂದ ಏಳು ದಿನ ಅಳೆಯಿರಿ. ಬೆಳಿಗ್ಗೆ ಎರಡು ಸಲ, ಸಂಜೆ ಎರಡು ಸಲ, ಎರಡರ ನಡುವೆ ಒಂದು ನಿಮಿಷ ಬಿಡಿ. ಮೊದಲು ಐದು ನಿಮಿಷ ಬೆನ್ನು ಒರಗಿಸಿ ಸುಮ್ಮನೆ ಕೂರಬೇಕು. ಅರ್ಧ ಗಂಟೆ ಮುಂಚೆ ಚಹಾ, ತಂಬಾಕು ಇಲ್ಲ. ಬಟ್ಟೆಯ ಮೇಲೆ ಪಟ್ಟಿ ಕಟ್ಟಬಾರದು. ಮೊದಲ ದಿನದ್ದನ್ನು ಬಿಟ್ಟು ಉಳಿದ ಆರು ದಿನದ ಸರಾಸರಿ ತೆಗೆಯಿರಿ. ದವಾಖಾನೆಯಲ್ಲಿ 140/90 ಗಡಿಯಾದರೆ ಮನೆಯ ಅಳತೆಗೆ ಗಡಿ 135/85. ಗ್ರಾಫಿನಲ್ಲಿ ಮೇಲಿನ ಬಿಪಿಗೊಂದು ಗೆರೆ, ಕೆಳಗಿನದಕ್ಕೊಂದು ಗೆರೆ, ಎರಡರ ಗಡಿಗೂ ಅಡ್ಡಲಾಗಿ ಒಂದೊಂದು. ಇದು ಡಾಕ್ಟರರಿಗೆ ತೋರಿಸಲು. ಗ್ರಾಫ್ ನೋಡಿ ನೀವೇ ಗುಳಿಗೆ ಹೆಚ್ಚು-ಕಡಿಮೆ ಮಾಡಲು ಅಲ್ಲ.

ಬಿಪಿಯ ಪಕ್ಕ ಮಿರ್ಚಿ ಭಜಿ, ಗಿರ್ಮಿಟ್ ತಿಂದ ದಿನಕ್ಕೂ ಒಂದು ಕಾಲಂ ಹಾಕುವ ಆಸೆ ಹುಟ್ಟುತ್ತದೆ. ಹಾಕಿ. ಆದರೆ ಎರಡು ಗೆರೆ ಕೂಡಿ ಏರಿದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗಲಿಲ್ಲ. ಗದಗಿನಲ್ಲಿ ಭಜಿ ತಿನ್ನುವುದು ಸಂಜೆ, ಗೆಳೆಯರ ಜತೆ, ಪೇಟೆಯ ತಿರುಗಾಟದ ನಡುವೆ. ಬಿಪಿ ಏರಿಸಿದ್ದು ಭಜಿಯೋ ಗೆಳೆಯರೋ ಹೇಳುವುದು ಕಷ್ಟ.

ಹೆಜ್ಜೆ ಎಣಿಕೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಫೋನು ಅದನ್ನು ಕೇಳದೆಯೇ ಮಾಡುತ್ತಿದೆ. ದಿನಕ್ಕೆ ಹತ್ತು ಸಾವಿರ ಎಂಬ ಮಂತ್ರ ಬಂದದ್ದು 1965ರ ಸುಮಾರಿಗೆ ಜಪಾನಿನಲ್ಲಿ ಮಾರಾಟಕ್ಕೆ ಬಂದ ಒಂದು ಹೆಜ್ಜೆಮಾಪಕದ ಹೆಸರಿನಿಂದ, ವೈದ್ಯರ ಪುಸ್ತಕದಿಂದಲ್ಲ. ವಯಸ್ಸಾದ ಮಹಿಳೆಯರ ಮೇಲೆ ಅಮೆರಿಕದಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಏಳೂವರೆ ಸಾವಿರದ ಆಚೆಗೆ ಹೆಚ್ಚಿನ ಲಾಭ ಕಾಣಲಿಲ್ಲ. ಭೀಷ್ಮ ಕೆರೆಯ ಸುತ್ತ ನಡೆಯುವವರು ಅಂಕಿ ತುಂಬಲಿಲ್ಲವೆಂದು ರಾತ್ರಿ ಹಜಾರದಲ್ಲಿ ಮತ್ತೆ ಸುತ್ತು ಹಾಕಬೇಕಿಲ್ಲ.

ಮೈಯಿಂದ ಮತ್ತೆ ಮನೆಗೆ ಬಂದರೆ, ಕರೆಂಟಿನ ಲೆಕ್ಕ ಸುಲಭ, ದುಡ್ಡು ಉಳಿಸುವುದೂ ಅದೇ. ರಾಜ್ಯ ಸರಕಾರದ ಗೃಹಜ್ಯೋತಿ ಯೋಜನೆಯಲ್ಲಿ ನಿಮ್ಮ 2022-23ರ ತಿಂಗಳ ಸರಾಸರಿ ಬಳಕೆಯಷ್ಟು, ಅದರ ಜತೆಗೆ ಹೆಚ್ಚುವರಿಯಾಗಿ ಒಂದಷ್ಟು ಯೂನಿಟ್ ಉಚಿತ. ಅದಕ್ಕಿಂತ ಹೆಚ್ಚಾದರೆ ಹೆಚ್ಚಾದಷ್ಟಕ್ಕೆ ಹಣ. 200 ದಾಟಿದರೆ ಪೂರ್ತಿ ಬಿಲ್ಲು. ಪ್ರತಿ ಭಾನುವಾರ ಬೆಳಿಗ್ಗೆ ಮೀಟರ್ ನೋಡಿ ಬರೆದರೆ ಮೂರನೆಯ ವಾರಕ್ಕೇ ದಿಕ್ಕು ಗೊತ್ತಾಗುತ್ತದೆ. ಹೊಸ ಮೀಟರಿನ ಪರದೆಯಲ್ಲಿ ಹಲವು ಅಂಕಿಗಳು ಸರದಿಯಂತೆ ಬರುತ್ತವೆ. ‘ಕೆಡಬ್ಲ್ಯುಎಚ್’ ಎಂದಿರುವುದೇ ಯೂನಿಟ್.

ಒಂದು ಅಭ್ಯಾಸ ಮಾಡಿದೆನೋ ಇಲ್ಲವೋ ಎಂಬ ಲೆಕ್ಕಕ್ಕೆ ಶೀಟಿನ ಗೊಡವೆಯೇ ಬೇಡ. ಆಂಡ್ರಾಯ್ಡ್ ಫೋನಿಗೆ ‘ಲೂಪ್ ಹ್ಯಾಬಿಟ್ ಟ್ರ್ಯಾಕರ್’ ಎಂಬ ಉಚಿತ ಆ್ಯಪ್ ಇದೆ. ಇಂಟರ್ನೆಟ್ ಬೇಡ, ಜಾಹೀರಾತು ಇಲ್ಲ, ಬರೆದದ್ದು ಫೋನಿನಲ್ಲೇ ಉಳಿಯುತ್ತದೆ, ಬೇಕೆಂದಾಗ ಶೀಟಿಗೆ ಹೊರತೆಗೆಯಬಹುದು. ಯಾವುದೇ ಆ್ಯಪ್ ಹಾಕಿಕೊಳ್ಳುವ ಮೊದಲು ‘ಎಕ್ಸ್‌ಪೋರ್ಟ್’ ಎಂಬ ಗುಂಡಿ ಇದೆಯೋ ಎಂದು ನೋಡಿ. ನನ್ನ ಮುಚ್ಚಿಹೋದ ಆ್ಯಪಿನಿಂದ ಕಲಿತದ್ದು ಇಷ್ಟೇ. ಗ್ರಾಫ್ ಅಂದವಾಗಿ ಬೇಕೆನ್ನುವವರಿಗೆ ಡೇಟಾರ‍್ಯಾಪರ್ ಎಂಬ ಜರ್ಮನಿಯ ತಾಣ ಚೆನ್ನಾಗಿದೆ. ಆದರೆ ಅಲ್ಲಿ ‘ಪಬ್ಲಿಷ್’ ಒತ್ತಿದರೆ ಆ ಚಿತ್ರ ಕೊಂಡಿ ಸಿಕ್ಕವರೆಲ್ಲರದು. ಮಳೆಯ ಗ್ರಾಫಿಗೆ ಸರಿ, ಬಿಪಿಗೆ ಬೇಡ.

ಪರದೆಯೇ ಬೇಸರ ಎನ್ನುವವರೂ ಇದ್ದಾರೆ. ನ್ಯೂಯಾರ್ಕಿನ ಜಾರ್ಜಿಯಾ ಲುಪಿ, ಲಂಡನ್ನಿನ ಸ್ಟೆಫನಿ ಪೊಸಾವೆಕ್ ಎಂಬ ಇಬ್ಬರು ವಿನ್ಯಾಸಗಾರ್ತಿಯರು ಒಂದು ವರ್ಷ ವಾರಕ್ಕೊಂದು ವಿಷಯ ಎಣಿಸಿ, ಅಂಚೆ ಕಾರ್ಡಿನ ಮೇಲೆ ಬಣ್ಣದ ಪೆನ್ನಿನಲ್ಲಿ ಚಿತ್ರ ಬರೆದು ಒಬ್ಬರಿಗೊಬ್ಬರು ಕಳಿಸಿದರು. ಎಷ್ಟು ಸಲ ಗಡಿಯಾರ ನೋಡಿದೆ, ಎಷ್ಟು ಸಲ ಥ್ಯಾಂಕ್ಸ್ ಹೇಳಿದೆ, ಇಂಥವು. ಆ ಕಾರ್ಡುಗಳು ಈಗ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿವೆ. ಸೀರೆಯ ದಡಿಯಲ್ಲಿ ಎಳೆ ಎಣಿಸಿ ಚಿತ್ತಾರ ತೆಗೆಯುವ ಬೆಟಗೇರಿಯ ನೇಕಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಯಾರು ನೋಡುತ್ತಾರೆ

ಮನೆಯ ಲೆಕ್ಕ ಮನೆಯಲ್ಲೇ ಇರಬೇಕು. ಶೀಟನ್ನು ಹಂಚುವಾಗ ‘ಕೊಂಡಿ ಇರುವ ಯಾರಾದರೂ’ ಎಂಬುದನ್ನು ಆರಿಸಬೇಡಿ, ಮನೆಯವರ ಇಮೇಲ್ ಹಾಕಿ. ಊರಲ್ಲಿ ಇಲ್ಲದ ದಿನ ಮಳೆಯ ಚೌಕ ಖಾಲಿ ಇರುತ್ತದಲ್ಲ, ಆ ಖಾಲಿ ಕಳ್ಳನಿಗೆ ಒಳ್ಳೆಯ ಮಾಹಿತಿ. ಇದು ಉತ್ಪ್ರೇಕ್ಷೆಯಲ್ಲ. ಓಟ-ನಡಿಗೆ ದಾಖಲಿಸುವ ಸ್ಟ್ರಾವಾ ಎಂಬ ಆ್ಯಪ್ 2017ರಲ್ಲಿ ಬಳಕೆದಾರರ ಓಡಾಟವನ್ನೆಲ್ಲ ಕೂಡಿಸಿ ಜಗತ್ತಿನ ಹೊಳೆಯುವ ನಕಾಶೆ ಬಿಟ್ಟಿತು. ಕೆಲವೇ ತಿಂಗಳಲ್ಲಿ, 2018ರ ಜನವರಿಯಲ್ಲಿ, ಆ ನಕಾಶೆಯ ಮರುಭೂಮಿಯ ನಡುವೆ ಹೊಳೆಯುವ ಗೆರೆಗಳು ಸೇನಾ ನೆಲೆಗಳ ಒಳದಾರಿ ಎಂಬುದನ್ನು ಜನ ಕಂಡುಹಿಡಿದರು. ಒಬ್ಬೊಬ್ಬ ಸೈನಿಕ ಬರೆದದ್ದು ತನ್ನ ಬೆಳಗಿನ ಓಟ ಮಾತ್ರ.

ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಕಂಪನಿಗಳ ಮೇಲೆ ಹೊಣೆ ಹೊರಿಸುತ್ತದೆ. ವ್ಯಕ್ತಿಯೊಬ್ಬ ತನ್ನ ಖಾಸಗಿ, ಮನೆಯ ಕೆಲಸಕ್ಕೆ ಇಟ್ಟುಕೊಂಡ ಮಾಹಿತಿ ಅದರ ವ್ಯಾಪ್ತಿಗೆ ಬರುವುದಿಲ್ಲ. ಅಂದರೆ ನಿಮ್ಮ ಶೀಟಿಗೆ ನೀವೇ ಕಾವಲು. ಆರು ತಿಂಗಳಿಗೊಮ್ಮೆ ಅದರ ಒಂದು ಪ್ರತಿಯನ್ನು ಇಳಿಸಿಕೊಂಡು ಪೆನ್‌ಡ್ರೈವಿಗೆ ಹಾಕಿಡಿ.

ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕ ದಿನ ಬರೆಯುವುದನ್ನು ನಿಲ್ಲಿಸಿ. ಟಾಕಿ ಕೊಂಡ ಮೇಲೆ ನೀರಿನ ನಿಮಿಷ ಎಣಿಸಬೇಕಾದ್ದಿಲ್ಲ. ಮಳೆಯದು ಮಾತ್ರ ಬಿಡಬೇಡಿ, ಅದರ ಬೆಲೆ ವರ್ಷಗಳು ಕೂಡಿದಷ್ಟೂ ಹೆಚ್ಚು.

ಈಗ ಒಂದು ಕೆಲಸ. ಹೋದ ವರ್ಷದ ಕ್ಯಾಲೆಂಡರ್ ಇನ್ನೂ ಅಟ್ಟದ ಮೇಲೋ ಡಬ್ಬಿಗಳ ಕೆಳಗೋ ಇದ್ದರೆ ತೆಗೆಯಿರಿ. ಹಾಲಿನ ಲೆಕ್ಕ ಬಿಡಿ, ಅದು ಹಾಲಿನವರಿಗೆ ಸಂದಾಯವಾಗಿದೆ. ನೀರಿನ ಸೊನ್ನೆಗಳನ್ನಷ್ಟೇ ಒಂದೊಂದಾಗಿ ಶೀಟಿಗೆ ಏರಿಸಿ. ಅರ್ಧ ಗಂಟೆ ಹಿಡಿಯುತ್ತದೆ. ಒಂದು ವರ್ಷದ ಕೀರ್ದಿ ನಿಮ್ಮಲ್ಲಿ ಆಗಲೇ ಇದೆ.